ಕೆಂಪು ದಾರದ ಬಾಟಲಿ

ವೈನಿ,

ಅವ್ವನ ಎರಡೂ ಔಷಧ ತಂದಿಟ್ಟಿದ್ದೇನೆ. ಕೊರಳಿಗೆ ಕೆಂಪು ದಾರ ಕಟ್ಟಿದ ಬಾಟಲಿಯದು ಮೊಣಕಾಲಿಗೆ ತಿಕ್ಕುವುದು. ಕುಡಿದರೆ ಅದು ವಿಷ. ಇನ್ನೊಂದನ್ನು ಊಟವಾದ ಮೇಲೆ, ಬಾಟಲಿಗೆ ಅಂಟಿಸಿದ ಅಳತೆ ಕಾಗದದ ಒಂದು ಗುರುತಿನಷ್ಟು ಕುಡಿಸಿರಿ.

ನಾನು ಒಯ್ದ ಖಾಲಿ ಬಾಟಲಿಗಳು ಎರಡೂ ಒಂದೇ ತರದವು ನೋಡಿರಿ, ದವಾಖಾನೆಯ ಗದ್ದಲದಲ್ಲಿ ಕಂಪೌಂಡರ್ ಕಾಕಾ ಕುಡಿಯುವ ಗುರುತಿನ ಕಾಗದವನ್ನು ತಿಕ್ಕುವ ಔಷಧಕ್ಕೇ ಅಂಟಿಸಿಬಿಟ್ಟಿದ್ದರು. ಬೂಚಿನಲ್ಲಿ ಕರ್ಪೂರದ ವಾಸನೆ ಬಂತು. ಕೇಳಿಯೇಬಿಟ್ಟೆ, "ಕಾಕಾ, ಇದನ್ನ ಕುಡಿಸಬೇಕೇನ್ರಿ?"

ಅವರು ಮೂಸಿ ನೋಡಿ ಕಾಗದವನ್ನು ಕಿತ್ತು ಇನ್ನೊಂದು ಬಾಟಲಿಗೆ ಅಂಟಿಸಿದರು. "ನಿಮ್ಮವ್ವನ್ನೂ ಉಳಿಸಿದಿ, ನನ್ನೂ ಉಳಿಸಿದಿ ತಂಗಿ," ಅಂದರು. ಇನ್ನು ಮುಂದೆ ತಿಕ್ಕುವ ಬಾಟಲಿಗೆಲ್ಲ ಕೆಂಪು ದಾರವಂತೆ.

ಅವ್ವನ ಕಣ್ಣು ಮಂದ, ದಾರವನ್ನು ಬೆರಳಿಗೆ ಮುಟ್ಟಿಸಿ ಹೇಳಿರಿ.

ನಿಮ್ಮ ಕಸೂತಿಯ ಕೆಂಪು ದಾರದುಂಡೆ ಹುಡುಕಬೇಡಿರಿ, ದವಾಖಾನೆಗೆ ಕೊಡಲು ಒಯ್ದಿದ್ದೇನೆ. ನಾನು ಬಂದ ಮೇಲೆ ಬೈಯಿರಿ. ಇವತ್ತು ಏನಂದರೂ ನನಗೆ ನಗುವೇ ಬರುತ್ತದೆ.

ಫಕೀರವ್ವ