ತೊಟ್ಟಿಲಿನ ಸಾಲಿನಲ್ಲಿ ನಿಮ್ಮ ಜಾಗ

ಎತ್ತಿನ ಕೊರಳಗಂಟೆ ಕೇಳಿದರೆ ಸಾಕು, ಅಂಗಳ ದಾಟಿ ಓಡಿ ಬರುತ್ತಿದ್ದ ಮಗಳು ತನ್ನ ಅಪ್ಪನಿಗೆ ಬರೆಯುವುದು.

ಅಪ್ಪಾ, ನಿಮಗೆ ಓದು ಬಾರದು, ಗೊತ್ತು. ಸತ್ತವರಿಗೆ ಅಕ್ಷರ ಕಲಿಸುವ ಶಾಲೆ ಅಲ್ಲಿ ಉಂಟೋ ಇಲ್ಲವೋ. ಇದ್ದರೆ ಅದರ ಬಾಗಿಲು ಗಾಡಿ ಹೊಡೆಯುವವರಿಗೂ ತೆರೆದಿರಲಿ. ಇಲ್ಲದಿದ್ದರೆ ಓದು ಬಲ್ಲ ಯಾರನ್ನಾದರೂ ಹಿಡಿದು ಕೂರಿಸಿ ಓದಿಸಿಕೊಳ್ಳಿ. ಗಟ್ಟಿಯಾಗಿಯೇ ಓದಲಿ, ನಾಲ್ಕು ಜನ ಕೇಳಲಿ. ಮೂಡುಬಿದಿರೆಗೆ ಮತ್ತೆ ಎಕ್ಸಿಬಿಷನ್ ಬಂದಿದೆ. ದೊಡ್ಡ ತೊಟ್ಟಿಲು ಎದ್ದು ನಿಂತಿದೆ. ನಾಳೆ ಬೆಳಗ್ಗೆ ನಾವೆಲ್ಲ ಹೊರಡುತ್ತೇವೆ.

ಆ ಸುದ್ದಿಯನ್ನು ಮೊದಲ ಸಲ ನಮ್ಮ ಮನೆಗೆ ತಂದವರು ನೀವೇ. ವೇಣೂರಿನ ಹತ್ತಿರದ ನಮ್ಮ ಅಂಗಳದಲ್ಲಿ ಗಾಡಿ ಬಿಚ್ಚಿದವರು ನೀರನ್ನೂ ಕೇಳದೆ ಚಾವಡಿಯ ಅಂಚಿನಲ್ಲಿ ಕುಳಿತುಬಿಟ್ಟಿರಿ. ಸಾಮಾನು ತರುತ್ತಿದ್ದ ಲಾರಿ ಸಿದ್ದಕಟ್ಟೆಯ ಏರಿನಲ್ಲಿ ಕೆಟ್ಟು ನಿಂತು, ಬಂಟ್ವಾಳದ ಗಾಡಿಗಳಿಗೆ ಹೇಳಿಕಳುಹಿಸಿದ್ದರಂತೆ. ತೊಟ್ಟಿಲಿನ ನಡುವಿನ ಕಬ್ಬಿಣ ನಿಮ್ಮ ಪಾಲಿಗೆ ಬಂದಿತ್ತು.

"ನಮ್ಮ ಗಾಡಿಯ ಚಕ್ರಕ್ಕೆ ನಡುವಲ್ಲಿ ಮರದ ಗುಂಬ ಇಲ್ವಾ? ಹಾಗೇ. ಆದ್ರೆ ಕಬ್ಬಿಣದ್ದು. ಕರು ಮಲಗಿದಷ್ಟು ದೊಡ್ಡದು! ಏರಿಸಿದ ಕೂಡ್ಲೇ ಎತ್ತು ಎರಡೂ ತಿರುಗಿ ನನ್ನ ಮುಖ ನೋಡಿದ್ವು, ಇದೆಂತದು ಮಾರಾಯ ಅಂತ."

"ಅದು ಎಂತಕ್ಕೆ?" ಎಂದು ಅಜ್ಜಿ ಕೇಳಿದರು.

"ಅದು ತಿರುಗಿದ್ರೆ ಜನ ಆಕಾಶಕ್ಕೆ ಹೋಗ್ತಾರಂತೆ. ಮತ್ತೆ ವಾಪಸು ಬರ್ತಾರಂತೆ."

"ಬರ್ತಾರಾ?"

"ಬರ್ತಾರಂತೆ," ಎಂದಿರಿ. ನಿಮಗೂ ಪೂರ್ತಿ ನಂಬಿಕೆ ಇರಲಿಲ್ಲ. ಕೈಯೆತ್ತಿ ಗಾಳಿಯಲ್ಲಿ ದೊಡ್ಡದೊಂದು ಸುತ್ತು ಬರೆದಿರಿ. ಆ ಸುತ್ತನ್ನು ನೋಡುತ್ತಾ ನಾನು ಬಾಯಿ ಮುಚ್ಚುವುದನ್ನೇ ಮರೆತೆ. ಅಷ್ಟು ದೊಡ್ಡದನ್ನು ಹೊತ್ತು ತಂದ ಮನುಷ್ಯ ನನ್ನ ಅಪ್ಪ!

ಮಾವ ಮರುದಿನ ಚಾವಡಿಯಲ್ಲಿ ಯೋಜನೆ ಹಾಕಲು ಕುಳಿತದ್ದು ನೆನಪಿದೆಯೇ? ಯಜಮಾನ ಎಂದರೆ ಮಾವ, ಅಮ್ಮನ ಅಣ್ಣ. ಧಣಿಯ ಗದ್ದೆಯ ಕೆಲಸ ಮುಗಿಯದೆ ನಮಗೆ ಬಿಡುವಿಲ್ಲ, ಆದ್ದರಿಂದ ಬರುವ ಆದಿತ್ಯವಾರ. ದನಗಳಿಗೆ ಹುಲ್ಲು ಹಾಕಲು ಆಚೆಮನೆಯವರು. ಬಾಳೆಲೆಯಲ್ಲಿ ಕಟ್ಟಿದ ಅನ್ನ, ಹುರುಳಿ ಚಟ್ನಿ, ಒಂದು ತಂಬಿಗೆ ಬೆಲ್ಲದ ನೀರು. ಮೊದಲು ಮರದ ಕುದುರೆ, ಆಮೇಲೆ ಮೋಟಾರು ಸೈಕಲ್ ಸುತ್ತುವ ಮರಣಬಾವಿ, ಕೊನೆಗೆ ತೊಟ್ಟಿಲು. ಅಜ್ಜಿ ಬಾವಿಗೆ ಒಪ್ಪಲಿಲ್ಲ. "ಮರಣ ನೋಡ್ಲಿಕ್ಕೆ ಟಿಕೇಟು ಯಾಕೆ? ಅದು ನನ್ನನ್ನು ನೋಡ್ಲಿಕ್ಕೆ ತಾನೇ ಬರ್ತದೆ," ಎಂದರು. ಯುದ್ಧಕ್ಕೆ ಹೊರಟವರೂ ಇಷ್ಟು ತಯಾರಿ ಮಾಡಿರಲಾರರು.

ಆಮೇಲೆ ಮಾವ ಎಣಿಸಿದರು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಹತ್ತಿತು. "ಅಮ್ಮ. ನಾನು. ತಂಗಿ. ತಂಗಿಯ ಮಕ್ಕಳು. ಕುಟುಂಬದವರು ಒಬ್ಬರೂ ಉಳಿಯುವುದು ಬೇಡ, ಎಲ್ಲರೂ ಹೋಗುವ." ನೀವು ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಿರಿ. ಹೆಬ್ಬೆರಳು ನಿಮಗಾಗಿ ನಿಲ್ಲಲೇ ಇಲ್ಲ.

"ಅಪ್ಪ?" ಎಂದೆ ನಾನು.

"ಅವರಿಗೆ ಅವರ ಕುಟುಂಬ ಉಂಟಲ್ಲ ಮಗಾ," ಎಂದರು ಅಜ್ಜಿ.

ನೀವು ನಕ್ಕಿರಿ. "ಹೌದು ಮಗಾ. ನನಗೆ ಅಕ್ಕನ ಮಕ್ಕಳನ್ನು ಕರ್ಕೊಂಡು ಹೋಗ್ಲಿಕ್ಕುಂಟು."

ಯಾಕೆ ನಕ್ಕಿರಿ ಅಪ್ಪಾ? ನಮ್ಮದು ಅಳಿಯಕಟ್ಟು ಎಂದು ನನಗೂ ಗೊತ್ತಿತ್ತು. ಮಕ್ಕಳು ತಾಯಿಯ ಮನೆಯವರು, ಅಪ್ಪ ಅವನ ಅಕ್ಕನ ಮನೆಯವನು. ನಮ್ಮಲ್ಲಿಗೆ ಬಂದು, ಉಂಡು, ಹೋಗುವ ನೆಂಟ. ಹೆಂಗಸಿನ ಹೆಸರಿನಲ್ಲಿ ನಡೆಯುವ ಕಟ್ಟು ಎಂದು ಇದನ್ನು ಭಾಷಣದಲ್ಲಿ ಹೊಗಳುವವರಿದ್ದಾರೆ. ಹೊಗಳಲಿ. ಗಂಡನ ಮನೆಯವರು ದೂಡಿ ಹೊರಗೆ ಹಾಕುವ ಹೆದರಿಕೆ ನನ್ನ ಅಮ್ಮನಿಗೆ ಇರಲಿಲ್ಲ, ಅದು ಸಣ್ಣ ಮಾತಲ್ಲ. ಆದರೆ ಹೆಸರು ಹೆಂಗಸಿನದು, ಹೆಬ್ಬೆರಳು ಗಂಡಸಿನದು. ಆ ಹೆಬ್ಬೆರಳು ಮುಟ್ಟಿದವರು ಮನುಷ್ಯರು, ಮುಟ್ಟದವರು ಹೊರಗಿನವರು. ಗೇಣಿಯವರ ಸಭೆಯಲ್ಲಿ ಧಣಿಯ ಮುಖಕ್ಕೆ ಮುಖ ಕೊಟ್ಟು ಮಾತಾಡುವ ನಾವು ನಮ್ಮದೇ ಚಾವಡಿಯಲ್ಲಿ ಬಾಯಿಗೆ ಎಲೆಯಡಿಕೆ ತುರುಕಿಕೊಳ್ಳುತ್ತೇವೆ. ನೀವೂ ಹಾಗೇ ಮಾಡಿದಿರಿ. ನನಗೆ ಬೇಕಾಗಿದ್ದದ್ದು ಒಂದೇ. ಆಕಾಶಕ್ಕೆ ಹೋಗುವಾಗ ನನ್ನ ಪಕ್ಕದಲ್ಲಿ ನೀವು.

ಆದಿತ್ಯವಾರ ಬಸ್ಸಿನಿಂದ ಇಳಿದಾಗಲೇ ಅದು ಕಂಡಿತು. ಕೊಯ್ಲು ಮುಗಿದ ಗದ್ದೆಯ ನಡುವೆ, ತೆಂಗಿನ ತಲೆಗಳಿಗಿಂತ ಮೇಲೆ, ಬಸದಿಯ ಮಾಡಿಗಿಂತ ಮೇಲೆ... ಅಪ್ಪಾ, ನೀವು ಗಾಳಿಯಲ್ಲಿ ಬರೆದ ಸುತ್ತು ತೀರಾ ಸಣ್ಣದು. ಅಜ್ಜಿ ನಿಂತಲ್ಲೇ ಕೈಮುಗಿದರು. "ಅಮ್ಮಾ, ಅದು ದೇವರಲ್ಲ," ಎಂದರು ಮಾವ. "ನಿನಗೆ ಹೇಗೆ ಗೊತ್ತು?" ಎಂದು ಕೇಳಿ ಅಜ್ಜಿ ಇನ್ನೊಮ್ಮೆ ಮುಗಿದರು.

ನೀವು ಸಾಲಿನಲ್ಲಿ ನಮಗಿಂತ ಹಿಂದೆ ನಿಂತದ್ದನ್ನು ಮೊದಲು ಕಂಡವಳು ಅಮ್ಮ. ಹೆಗಲ ಮೇಲೆ ನಿಮ್ಮ ಅಕ್ಕನ ಕಿರಿಯ ಮಗು, ಕೈಯಲ್ಲಿ ಇನ್ನೊಂದು. ಅಮ್ಮ ತಲೆ ತಿರುಗಿಸದೆ, ಗಾಳಿಗೆ ಹೇಳುವಂತೆ, "ಗಾಡಿ ಇಲ್ಲಿಗೂ ಬಂತಾ?" ಎಂದಳು. ನೀವೂ ಗಾಳಿಗೇ ಹೇಳಿದಿರಿ: "ಕಬ್ಬಿಣ ತಂದವ ನಾನು. ಸರಿ ಕೂರಿಸಿದ್ದಾರಾ ಅಂತ ನೋಡ್ಬೇಡ್ವಾ?" ನಿಮ್ಮ ಹಿಂದೆ ಇನ್ನೊಂದು ಕುಟುಂಬ. ಅಲ್ಲಿ ಮಾವನ ಹೆಂಡತಿ, ಮಾವನ ಮಗ ಸುಂದರ. ಅವರನ್ನು ಕರೆತಂದದ್ದು ಅತ್ತೆಯ ಅಣ್ಣ. ಮಾವ ಒಮ್ಮೆ ಅತ್ತ ನೋಡಿ ತಟ್ಟನೆ ಇತ್ತ ತಿರುಗಿದರು. ಕಟ್ಟು ಎಂದರೆ ಕಟ್ಟು, ಅವರಿಗೂ.

ನಮ್ಮ ಸರದಿ ಬಂತು. ತೊಟ್ಟಿಲು ತಿರುಗಿಸುವವನು ಘಟ್ಟದ ಮೇಲಿನವನು, ಕೊರಳಲ್ಲಿ ಕೆಂಪು ವಸ್ತ್ರ. "ಒಂದು ತೊಟ್ಲು, ಒಂದು ಸಂಸಾರ! ಬೇಗ ಬೇಗ!" ಎಂದು ಕೂಗುತ್ತಿದ್ದವನು ಮಾವನನ್ನೂ ಅಮ್ಮನನ್ನೂ ಒಟ್ಟಿಗೆ ನೋಡಿ ಹೇಳಿದ: "ಏನ್ರೀ ಯಜಮಾನ್ರೇ, ನಾಚ್ಕೋಬೇಡಿ. ಹೆಂಡ್ತಿ ಕೈ ಹಿಡಿದು ಹತ್ಸಿ."

ಮಾವನ ಮುಖ ಬಾಳೆಹೂವಿನ ಬಣ್ಣಕ್ಕೆ ತಿರುಗಿತು. "ಥೂ! ತಂಗಿ ಅವಳು!"

"ತಂಗೀನಾ? ಮತ್ತೆ ಈ ಮಕ್ಕಳಪ್ಪ ಎಲ್ಲಿ?"

ಮಾವ ಸುತ್ತ ನೋಡಿದರು. ಇಡೀ ಸಾಲು ಕಿವಿಗೊಟ್ಟಿತ್ತು. ಕೊನೆಗೆ ಗಲ್ಲದಿಂದ ನಿಮ್ಮತ್ತ ತೋರಿಸಿದರು. "ಅಗೋ, ಅಲ್ಲಿ."

"ಅಲ್ಲೇನ್ ಮಾಡ್ತಿದಾರೆ?"

"ಅವರು ಅವರ ಅಕ್ಕನ ಜೊತೆ ಬಂದದ್ದು."

ಅವನು ನಿಮ್ಮ ಹತ್ತಿರ ಬಂದ. "ಇವರು ನಿಮ್ಮ ಹೆಂಡ್ತಿನಾ?" ಎಂದು ನಿಮ್ಮ ಅಕ್ಕನ ಕಡೆಗೆ ಕೈ ಮಾಡಿದ. ನಿಮ್ಮ ಅಕ್ಕ ಕೈಯಲ್ಲಿದ್ದ ಕೊಡೆ ಎತ್ತಿದರು. ಅವರ ಹಿಂದಿನವರನ್ನು ಕೇಳಿದ. ಅವರೂ ಅಣ್ಣ ತಂಗಿ. ಅವರ ಹಿಂದಿನವರೂ. ಅವನು ತಲೆಗೆ ಕೈ ಹೊತ್ತು ಇಡೀ ಗದ್ದೆಗೆ ಕೇಳುವಂತೆ ಕೂಗಿದ: "ಅಯ್ಯೋ ಸ್ವಾಮಿ! ಈ ಊರಲ್ಲಿ ಗಂಡಂದಿರೆಲ್ಲಾ ತಪ್ಪು ತೊಟ್ಲಲ್ಲಿ ಕೂತಿದಾರಲ್ರೋ!"

ಮೊದಲು ನಕ್ಕವಳು ಅಮ್ಮ. ಸೆರಗು ಬಾಯಿಗೆ ಹಿಡಿದರೂ ಆ ನಗು ನಿಲ್ಲಲಿಲ್ಲ, ಸಾಲಿನುದ್ದಕ್ಕೂ ಹಬ್ಬಿತು. ನಾನು ಮಾವನ ಕೈ ಬಿಡಿಸಿಕೊಂಡು ಓಡಿ ಬಂದು ನಿಮ್ಮ ಪಂಚೆ ಹಿಡಿದೆಳೆದೆ. ನೀವು ಅಕ್ಕನ ಮುಖ ನೋಡಿದಿರಿ, ಮಾವನ ಮುಖ ನೋಡಿದಿರಿ. ನಿಮ್ಮ ಸ್ವಂತ ಮಗಳ ಪಕ್ಕ ಕೂರಲು ಇಬ್ಬರ ಅಪ್ಪಣೆ! ಅಕ್ಕ ನಿಮ್ಮ ಹೆಗಲಿನಿಂದ ಮಗುವನ್ನು ಇಳಿಸಿಕೊಂಡರು. ಮಾವ ನೆಲ ನೋಡುತ್ತಾ, "ಭಾವ, ನೀವು ಹತ್ತಿ. ಬುತ್ತಿಗಂಟು ಕಾಯ್ಲಿಕ್ಕೆ ಒಬ್ಬರು ಬೇಕಲ್ಲ, ನಾನಿರ್ತೇನೆ," ಎಂದರು.

ತೊಟ್ಟಿಲು ನೆಲ ಬಿಟ್ಟದ್ದನ್ನು ನಾನು ಈಗಲೂ ಹೊಟ್ಟೆಯೊಳಗೆ ಬಲ್ಲೆ. ಜನರ ತಲೆಗಳು ಕೆಳಗೆ ಹೋದವು, ತೆಂಗಿನ ಗರಿ ಪಕ್ಕಕ್ಕೆ ಬಂತು, ಆಮೇಲೆ ಅದೂ ಕೆಳಗೆ. ಮೂಡಣದ ಘಟ್ಟ ನೀಲಿ ಗೋಡೆಯಂತೆ ಎದ್ದು ನಿಂತಿತು. ನಾವು ಬಂದ ದಾರಿ ಒಂದು ಕೆಂಪು ದಾರ. ಧಣಿಗಳ ಉಪ್ಪರಿಗೆಯ ಮನೆಯೊಂದು ತೆಂಗುಗಳ ನಡುವೆ ಬೆಂಕಿಪೆಟ್ಟಿಗೆಯಷ್ಟು ಕಂಡಿತು. ಇಷ್ಟೇನಾ ಇವರು ಎನಿಸಿತು. ಆ ಯೋಚನೆ ನನ್ನ ತಲೆಯಿಂದ ಮತ್ತೆ ಇಳಿಯಲೇ ಇಲ್ಲ. ಸಭೆಗಳಲ್ಲಿ ನಾನು ಆಡುವ ಮಾತೆಲ್ಲ ಆ ಎತ್ತರದಿಂದ ಬಂದದ್ದು.

ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಘಟ್ಟವನ್ನಲ್ಲ, ಎದುರಿನ ಹಲಗೆಯಲ್ಲಿ ಉಳಿದ ಮಕ್ಕಳನ್ನು ಹಿಡಿದು ಕೂತ ಅಜ್ಜಿಯನ್ನೂ ಅಲ್ಲ. ತುದಿಗೆ ಹೋದಾಗ ಅಮ್ಮ ಹೆದರಿ ನಿಮ್ಮ ತೋಳು ಹಿಡಿದಳು. ಎಲ್ಲರ ಕಣ್ಣೆದುರು, ಹಾಡುಹಗಲು. ನೀವಿಬ್ಬರೂ ಒಂದೇ ಹಲಗೆಯ ಮೇಲೆ ಕೂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ಹೆದರ್ಬೇಡ ಮಾರಾಯ್ತಿ," ಎಂದು ನೀವು ಗಾಳಿಯ ಸದ್ದಿನ ಮೇಲೆ ಕೂಗಿದಿರಿ, "ನಡುವಿನ ಕಬ್ಬಿಣ ನನ್ನ ಗಾಡಿಯಲ್ಲಿ ಬಂದದ್ದು!" ಅಮ್ಮ ಕೈ ಬಿಡಲಿಲ್ಲ. ನನ್ನ ಅಪ್ಪ, ನನ್ನ ಅಮ್ಮ, ನಾನು, ಸುತ್ತ ಬರೀ ಬೆಳಕು. ಲೋಕದಲ್ಲಿ ಇದಕ್ಕಿಂತ ದೊಡ್ಡದು ಇನ್ನೇನಾದರೂ ಉಂಟೇ?

ಇಳಿಯುವಾಗ ಕೆಳಗೆ ಮಾವ ಕಂಡರು. ಇರುವೆಯಷ್ಟು ಸಣ್ಣ, ಎದೆಗೊತ್ತಿ ಹಿಡಿದ ಬುತ್ತಿಗಂಟು. ಅವರು ನಮ್ಮನ್ನು ನೋಡುತ್ತಿರಲಿಲ್ಲ. ಸುಂದರ ಕೂತ ತೊಟ್ಟಿಲು ಎತ್ತ ಹೋಯಿತೋ ಅವರ ಮುಖ ಅತ್ತ ತಿರುಗುತ್ತಿತ್ತು, ಮೇಲೆ, ಕೆಳಗೆ, ಮತ್ತೆ ಮೇಲೆ. ಎಣಿಸುವವನನ್ನೂ ಆ ಎಣಿಕೆ ಹೊರಗೇ ನಿಲ್ಲಿಸಿತ್ತು.

ನೀವು ಜ್ವರದಲ್ಲಿ ಹೋದಾಗ ಆ ಘಟ್ಟದವನು ಊರಲ್ಲಿ ಇರಲಿಲ್ಲ, ತಪ್ಪು ತೊಟ್ಟಿಲು ಎಂದು ಕೂಗಲು. ಬಂಟ್ವಾಳದ ನಿಮ್ಮ ಅಕ್ಕನ ಮನೆಯಲ್ಲಿ ಎಲ್ಲ ನಡೆಯಿತು. ಚಿತೆಗೆ ಬೆಂಕಿ ಕೊಟ್ಟದ್ದು ಅಳಿಯ, ನಿಮ್ಮ ಅಕ್ಕನ ಮಗ. ಉತ್ತರಕ್ರಿಯೆಯ ಬೊಜ್ಜದ ಊಟಕ್ಕೆ ನಾವು ನೆಂಟರಂತೆ ಹೋಗಿ, ನೆಂಟರ ಪಂಕ್ತಿಯಲ್ಲಿ ಉಂಡು ಬಂದೆವು. ಅಮ್ಮ ಅಳಲು ಸಹ ಒಂದು ಮೂಲೆ ಹುಡುಕಬೇಕಾಯಿತು. ಆ ದಿನ ನಾನು ಬಾಯಿ ತೆರೆದಿದ್ದರೆ... ಇರಲಿ. ಈಗ ತೆರೆದಿದ್ದೇನೆ, ಇನ್ನು ಮುಚ್ಚುವುದಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಎಕ್ಸಿಬಿಷನ್ ಬಂತೆಂದು ಕೇಳಿದ ದಿನವೇ ಮಾವ ನನ್ನನ್ನು ಹಟ್ಟಿಯ ಹಿಂದೆ ಕರೆದರು. ಮುದುಕರಾಗಿದ್ದಾರೆ ಅಪ್ಪಾ, ಕೋಲು ಬಂದಿದೆ. "ಈ ಸಲ ಬುತ್ತಿ ಕಾಯ್ಲಿಕ್ಕೆ ನನ್ನಿಂದಾಗುದಿಲ್ಲ ಮಗಾ," ಎಂದರು. "ಸುಂದರ ಬರ್ತಾನಾ... ನೀನು ಕೇಳ್ತೀಯಾ?" ನಾನು ಹೋಗಿ ಕೇಳಿದೆ. ಮೀಸೆ ಬಂದ ಸುಂದರ ಅಂಗಿಯ ಗುಂಡಿ ಹಾಕುತ್ತಿದ್ದವನು ನಿಂತುಬಿಟ್ಟ. "ಅಪ್ಪ ಕರೆದ್ರಾ? ಅವರೇ ಹೇಳಿದ್ರಾ?" ಹೌದು ಎಂದೆ. "ನಿಜವಾಗ್ಲೂ ಅವರೇ ಹೇಳಿದ್ರಾ?" ಎಂದು ಮತ್ತೆ ಕೇಳಿದ. ನಾಳೆ ಬೆಳಗ್ಗೆ ಅವನೇ ಬಂದು ಮಾವನ ಕೈ ಹಿಡಿದು ಬಸ್ಸು ಹತ್ತಿಸುತ್ತಾನೆ.

ಇವತ್ತು ಸಂಜೆ ಚಾವಡಿಯಲ್ಲಿ ಎಣಿಸುವ ಹೊತ್ತಿಗೆ ಮಾವ ತಮ್ಮ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು, "ನೀನು ಎಣಿಸು," ಎಂದರು. ನಾನು ಹೆಬ್ಬೆರಳನ್ನು ಮೊದಲ ಗೆಣ್ಣಿಗೆ ಇಟ್ಟು ನಿಮ್ಮ ಹೆಸರು ಹೇಳಿದೆ. ಸತ್ತವರನ್ನು ಎಣಿಸಬಾರದು ಎಂದು ಯಾರೂ ಹೇಳಲಿಲ್ಲ. ಬಾಳೆಲೆ ಬಾಡಿಸುತ್ತಿದ್ದ ಅಮ್ಮ ಒಲೆಯ ಮುಂದಿನಿಂದಲೇ ಹೇಳಿದಳು: "ಹಾಗಾದ್ರೆ ತೊಟ್ಟಿಲಲ್ಲಿ ನನ್ನ ಪಕ್ಕ ಯಾರೂ ಒತ್ತಿ ಕೂತ್ಕೊಳ್ಬೇಡಿ. ಅವರಿಗೆ ಜಾಗ ಬೇಕು."

ಬನ್ನಿ ಅಪ್ಪಾ. ಈ ಸಲ ನೀವು ಯಾರ ಮುಖವನ್ನೂ ನೋಡಬೇಕಾಗಿಲ್ಲ.