ಅಂಡಮಾನಿನಲ್ಲಿ ಹನ್ನೊಂದು ಕಾಯಿ

ಅಪ್ಪಾ,

ನೀನು ತೀರಿಕೊಂಡು ಮೂರು ವರ್ಷವಾಯಿತು. ಇದ್ದಿದ್ದರೆ ಇದನ್ನು ಕೇಳಿ ನೀನು ನನ್ನ ಜೊತೆ ಮಾತು ಬಿಡುತ್ತಿದ್ದೆ. ಬಿಟ್ಟರೆ ಬಿಡು.

ಶಾಲೆಯ ಟೀಚರುಗಳ ಜೊತೆ ಅಂಡಮಾನಿಗೆ ಬಂದಿದ್ದೇನೆ. ಬೆಳಿಗ್ಗೆ ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಿದೆವು. ಕತ್ತಲಾದ ಮೇಲೆ ಸಮುದ್ರದ ದಂಡೆಯಲ್ಲಿ ಡಿಜೆ ಹಾಕಿದರು, ಎಲ್ಲರೂ ಕುಣಿದೆವು. ಹೌದು, ನಾನೂ ಕುಣಿದೆ. ನಡುವೆ ತೆಂಗಿನಕಾಯಿ ಸುಲಿಯುವ ಪಂದ್ಯ ಇಟ್ಟರು. ನಿಂತವರೆಲ್ಲ ಗಂಡಸರೇ.

“ಹೋಗೇ, ನಿಮ್ಮಪ್ಪ ಹಿರಿಯೂರು ಮಂಡಿಯಾಗೆ ಕಾಯಿ ಸುಲಿತಿದ್ರಲ್ಲೇ!” ಎಂದು ಗೆಳತಿ ಮಂಗಳಾ ದೂಡಿದಳು.

ನೆಲಕ್ಕೆ ನೆಟ್ಟ ಹಾರೆ ಕಂಡೊಡನೆ ನಿನ್ನ ದನಿ ಕೇಳಿಸಿತು: “ಹಾರೆ ಮುಟ್ಟಬ್ಯಾಡ. ಹೆಣ್ಮಕ್ಳ ಕೆಲ್ಸ ಅಲ್ಲ ಅದು.” ವೇಲನ್ನು ಸೊಂಟಕ್ಕೆ ಬಿಗಿದು ಮುಟ್ಟಿದೆ. ಅವರು ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ನಾನು ಹನ್ನೊಂದು ಸುಲಿದಿದ್ದೆ.

ಯಾರು ಕಲಿಸಿದ್ದು ಎಂದು ಮೈಕಿನವನು ಕೇಳಿದ. ಯಾರೂ ಕಲಿಸಲಿಲ್ಲ, ಅಪ್ಪ ಊಟಕ್ಕೆ ಹೋದಾಗ ಕದ್ದು ಕಲಿತೆ ಎಂದೆ. ಚಪ್ಪಾಳೆ ಬಿತ್ತು.

ಒಂದು ವಿಷಯ ಮಾತ್ರ ಹೇಳಲಿಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನೀನು ಮಂಡಿಯ ಹಾರೆಯನ್ನು ನನ್ನ ಸೊಂಟದ ಮಟ್ಟಕ್ಕೆ ತಗ್ಗಿಸಿ ನೆಟ್ಟೆ. ಅಷ್ಟು ಎತ್ತರದ ಆಳು ನೀನು, ಆಮೇಲೆ ಕೊನೆಯವರೆಗೂ ಬಗ್ಗಿಯೇ ಸುಲಿದೆ.