ಕೆರೆಯಾಚೆಯ ಕೊಡೆಬಟ್ಟೆ ಗುಡಾರ

ಶುಕ್ರವಾರ, ಇನ್ನೂ ಬೆಳಕಿರುವಾಗಲೇ

ಎಲ್ಲಿಗೆಂದು ಹೇಳದೆ ಪೊದೆ ಸೇರಿದ ನಮ್ಮ ಯಜಮಾನರಿಗೆ,

ನಿಮ್ಮ ಹೆಂಡತಿಯ ನಮಸ್ಕಾರ. ನಾನು ಕ್ಷೇಮ. ನೀವು ಕ್ಷೇಮವೇ ಎಂದು ಕೇಳುವುದಿಲ್ಲ, ನಿಮ್ಮ ಸಮಾಚಾರವೆಲ್ಲ ನನಗೆ ಗೊತ್ತಿದೆ. ನಿನ್ನೆ ಬ್ರೆಡ್ಡು ತಿಂದಿರಿ, ಎರಡು ಬಾಳೆಹಣ್ಣು ತಿಂದಿರಿ, ಸಿಪ್ಪೆಯನ್ನು ಗುಡಾರದ ಬಾಯಲ್ಲೇ ಬಿಸಾಕಿದಿರಿ. ಅಡಗಿ ಕೂತವರು ಯಾರಾದರೂ ಬಾಗಿಲಿಗೆ ಸಿಪ್ಪೆ ಹಾಕುತ್ತಾರೆಯೇ?

ಹೇಗೆ ಗೊತ್ತಾಯಿತು ಎಂದು ಕಣ್ಣುಕಣ್ಣು ಬಿಡಬೇಡಿ. ಸೋಮವಾರ ನೀವು ಹೋದಿರಿ. ಮಂಗಳವಾರ ನಾನು ಬಟ್ಟೆ ಒಣಹಾಕಲು ತಾರಸಿ ಹತ್ತಿದೆ. ನೋಡಿದರೆ ಕೆರೆಯಾಚೆ, ಪಂಪ್ ಹೌಸಿನ ಹಿಂದಿನ ಕುರುಚಲು ಕಾಡಿನಲ್ಲಿ, ಮುಳ್ಳುಗಿಡದ ನೆತ್ತಿಯ ಮೇಲೆ ಒಂದು ಬಿಳಿ ಬನಿಯನ್ನು. ಮದುವೆಯಾದಾಗಿನಿಂದ ನಿಮ್ಮ ಬನಿಯನ್ನು ಒಗೆದು ಕೈ ಸವೆಸಿಕೊಂಡವಳು, ನನಗೆ ಗುರುತು ಸಿಗದೆ ಇರುತ್ತದೆಯೇ? “ಒಂದು ವಾರ ಯಾರ ಕಣ್ಣಿಗೂ ಬೀಳದೆ ಬಯಲಲ್ಲಿ ಮಲಗಿ ತೋರಿಸ್ತೀನಿ, ನೋಡ್ತಾ ಇರು” ಎಂದು ಎದೆ ತಟ್ಟಿಕೊಂಡು ಹೋದವರು ಮರುದಿನವೇ ಬಾವುಟ ಹಾರಿಸಿದಿರಿ.

ತಡೆಯಲಾರದೆ ಬಂದು ಮರೆಯಲ್ಲಿ ನಿಂತು ನೋಡಿದೆ. ಗುಡಾರವನ್ನು ಚೆನ್ನಾಗಿಯೇ ಹೊಲಿದಿದ್ದೀರಿ, ಇಲ್ಲ ಎಂದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಜೀವಮಾನವೆಲ್ಲ ಕೊಡೆ ರಿಪೇರಿ ಮಾಡಿದ ಕೈ ಅಲ್ಲವೇ. ಹಳೆಯ ಕೊಡೆಗಳ ಕಪ್ಪು ಬಟ್ಟೆ, ಕೊಡೆಯ ಕಡ್ಡಿಗಳನ್ನೇ ಬಗ್ಗಿಸಿ ಊರಿದ್ದು, ಎತ್ತರ ಮೊಣಕಾಲಿಗಿಂತ ಸ್ವಲ್ಪ ಮೇಲೆ. ದೂರಕ್ಕೆ ಎಮ್ಮೆ ಮಲಗಿದ ಹಾಗೆ ಕಾಣುತ್ತದೆ. ಆದರೆ ಬಟ್ಟೆ ಸಾಲಲಿಲ್ಲವೆಂದು ತಲೆಯ ಕಡೆಗೆ ಯಾವುದೋ ಹುಡುಗಿಯ ಕೆಂಪು ಹೂವಿನ ಕೊಡೆಯ ತುಂಡು ಸೇರಿಸಿದ್ದೀರಲ್ಲ, ಹೂ ಮುಡಿದ ಎಮ್ಮೆಯನ್ನು ಯಾರು ತಿರುಗಿ ನೋಡುವುದಿಲ್ಲ ಹೇಳಿ! ನೀವು ನೀರು ಹಿಡಿಯಲು ಹೋದಾಗ ಆ ಹೂವಿಗೆ ಕೆಸರು ಮೆತ್ತಿದವಳು ನಾನೇ. ತಾನಾಗಿ ಮಾಸಿತು ಎಂದುಕೊಂಡಿದ್ದಿರೋ ಏನೋ.

ಒಂದು ಸಣ್ಣ ಚೀಲ ಸಾಕು, ಹೆಚ್ಚು ಸಾಮಾನು ಹೊರಬಾರದು ಎಂದು ಮೊಮ್ಮಗಳ ಫೋನು ನೋಡಿಕೊಂಡು ನಮಗೆಲ್ಲ ಪಾಠ ಹೇಳಿದಿರಿ. ಹಾಗಾದರೆ ಮಡಚುವ ಕುರ್ಚಿ ಯಾಕೆ ಬಂತು? ಅಲಾರಂ ಗಡಿಯಾರ ಯಾಕೆ? ಕಾಡಿನಲ್ಲಿ ಯಾವ ಆಫೀಸಿಗೆ ಹೊತ್ತಾಗುತ್ತದೆ ನಿಮಗೆ? ಗೋಡೆಗೆ ಹಾಕುವ ಕನ್ನಡಿ ಬೇರೆ. ಇಷ್ಟೆಲ್ಲ ಹೊತ್ತು, ಬಿ.ಪಿ. ಮಾತ್ರೆ ಮಾತ್ರ ಮರೆತು ಹೋದಿರಿ. ನಾನು ಕದ್ದು ಬಂದು ಚೀಲದ ಜೇಬಿನಲ್ಲಿಟ್ಟ ಮಾತ್ರೆ ಸಿಕ್ಕಾಗ “ನಾನೇ ಇಟ್ಕೊಂಡಿದ್ದೆ” ಎಂದು ಕನ್ನಡಿಯ ಮುಂದೆ ಬೀಗಿದಿರಲ್ಲ, ಆ ಮುಖ ನೋಡಬೇಕಿತ್ತು. ಇನ್ನೊಂದು ಮಾತು. ಕತ್ತಲಾದ ಮೇಲೆ ಒಳಗೆ ಟಾರ್ಚು ಹಾಕಬೇಡಿ. ಹೊಲಿಗೆಯ ತೂತುಗಳಲ್ಲೆಲ್ಲ ಬೆಳಕು ಸೋರಿ ಎಮ್ಮೆ ಮಿಣಮಿಣ ಎನ್ನುತ್ತದೆ.

ಬೈದದ್ದು ಸಾಕು, ವಿಷಯಕ್ಕೆ ಬರುತ್ತೇನೆ.

ಕೊಡೆ ಅಂಗಡಿ ಮುಚ್ಚಿದಾಗಿನಿಂದ ನೀವು ನಡುಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ನಡುಮನೆಗೆ ಸುತ್ತಿ ಸುತ್ತಿ ನೆಲದ ಬಣ್ಣ ತೆಗೆದಿರಿ. ಆಮೇಲೆ ಒಂದು ದಿನ, ನದಿ ಹುಟ್ಟುವ ಜಾಗದವರೆಗೆ ದಡ ಹಿಡಿದು ನಡೆದು ಹೋಗುತ್ತೇನೆ, ದಾರಿಯಲ್ಲಿ ಸಿಕ್ಕಲ್ಲಿ ಮಲಗುತ್ತೇನೆ ಎಂದಿರಿ. ನಾನು ನಕ್ಕೆ. ಬಚ್ಚಲಿಗೆ ಹೋಗಲು ಮೂರು ದೀಪ ಹಾಕುವ ಗಂಡಸು ಹಾಗೆಂದರೆ ನಗದೆ ಇನ್ನೇನು ಮಾಡಲಿ? ಆ ನಗುವಿಗೇ ಈ ಒಂದು ವಾರದ ಪಂಥ ಹುಟ್ಟಿದ್ದು. ಆದರೆ ನಮ್ಮ ಮಗ ನಗಲಿಲ್ಲ. ಹೋದ ಸಲ ನೀವು ವಾಕಿಂಗ್ ಎಂದು ಹೋಗಿ ಕತ್ತಲಾದರೂ ಬರದೆ ಇದ್ದಾಗ ಅವನು ಆಸ್ಪತ್ರೆ, ಪೊಲೀಸ್ ಸ್ಟೇಷನ್ ಎಲ್ಲ ಅಲೆದವನು. “ಅಮ್ಮ, ಅಪ್ಪ ಇನ್ನೊಂದ್ಸಲ ಹಿಂಗೆ ಹೋಗ್ಲಿ, ಗೇಟಿಗೆ ಬೀಗ ಹಾಕಿ ಕೀ ನಾನಿಟ್ಕೋತೀನಿ. ತಲೆ ಡಾಕ್ಟರಿಗೂ ತೋರಿಸ್ತೀನಿ” ಎಂದಿದ್ದಾನೆ. ಹೇಳಿದರೆ ಮಾಡುವವನೇ. ಅವನು ಕೆಟ್ಟವನಾಗಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು. ಪ್ರೀತಿಯಿಂದ ಬೀಗ ಹಾಕುವವರ ಹತ್ತಿರ ಹೇಗೆ ಜಗಳ ಮಾಡುವುದು?

ಅದಕ್ಕೇ ನೀವು ತಂಗಿಯ ಮನೆಗೆ ಹೋಗಿದ್ದೀರಿ ಎಂದು ಅವನಿಗೆ ಸುಳ್ಳು ಹೇಳಿದೆ. ಅವನೂ ನಂಬಿದ. ಈಗ ನೋಡಿದರೆ ಆ ಮಹಾತಾಯಿಯೇ ಮಧ್ಯಾಹ್ನ ಫೋನು ಮಾಡಿದಳು. “ಅತ್ತಿಗೇ, ಅಣ್ಣನ ಮುಖ ನೋಡಿ ವರ್ಷ ಆಯ್ತು, ಭಾನುವಾರ ಬಂದ್ಬಿಡ್ತೀನಿ, ಊಟಕ್ಕೆ ಏನೂ ಹೆಚ್ಚು ಮಾಡ್ಬೇಡಿ” ಅಂದಳು. ಬಾಮ್ಮ ಎಂದೆ. ಇನ್ನೇನು ಹೇಳಲಿ? ನಿಮ್ಮಣ್ಣ ನಿಮ್ಮ ಮನೆಯಲ್ಲೇ ಇದ್ದಾರೆ, ಒಳಗಿನ ಕೋಣೆಯಲ್ಲಿ ಸರಿಯಾಗಿ ಹುಡುಕು ಎನ್ನಲೇ?

ಆಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಫೋನು ಗುರ್ ಎಂದರೆ ಮಗನೇ ಎಂದುಕೊಳ್ಳುತ್ತೇನೆ. ಎಲೆ ಅಲ್ಲಾಡಿದರೆ ಯಾರೋ ಬಂದರು ಎನ್ನಿಸುತ್ತದೆ. ನೀವು ಮಾತ್ರ ಕುರ್ಚಿಯಲ್ಲಿ ಕೂತು ಕೊಕ್ಕರೆ ನೋಡುತ್ತಿದ್ದೀರಿ.

ಆದ್ದರಿಂದ ನಾಳೆಯೇ ಎಲ್ಲ ಮಡಚಿಕೊಂಡು ಮನೆಗೆ ಬನ್ನಿ. ತಂಗಿಯ ಮನೆಯಿಂದ ಬಂದೆ ಎನ್ನಿ. ಅವಳು ಬಂದಾಗ ಮಗನ ಮುಂದೆ ಬಾಯಿ ಬಿಡದ ಹಾಗೆ ನಾನು ನೋಡಿಕೊಳ್ಳುತ್ತೇನೆ. ಸಿಕ್ಕಿಬಿದ್ದಿರೋ, ನದಿ ಹಾಗಿರಲಿ, ಮೂಲೆ ಅಂಗಡಿಯ ಪೇಪರಿಗೂ ನಿಮ್ಮನ್ನು ಒಬ್ಬರನ್ನೇ ಬಿಡುವುದಿಲ್ಲ. ಅದನ್ನು ನೋಡಿಕೊಂಡು ನಾನು ಮನೆಯಲ್ಲಿರಲಾರೆ.

ಕಾಗುಣಿತ ತಪ್ಪಿದ್ದರೆ ನಗಬೇಡಿ. ನಾಲ್ಕನೇ ಕ್ಲಾಸಿಗೆ ಬಿಡಿಸಿದವರು ನಮ್ಮಪ್ಪ, ಅವರನ್ನೇ ಕೇಳಿ.

ಇಂತಿ ನಿಮ್ಮ ಮೊಮ್ಮಗಳ ಅಜ್ಜಿ

ಮರೆತ ಮಾತು: ಕಾಗದ ಮಡಚಿದವಳು ಮತ್ತೆ ಬಿಚ್ಚಿದ್ದೇನೆ. ನಿಮ್ಮ ಎಡಗಡೆ, ಬಿದ್ದ ಮರದ ಮಗ್ಗುಲಲ್ಲಿ ಒಂದು ಬೂದು ಬಂಡೆ ಇದೆಯಲ್ಲ, ಅದು ಬಂಡೆಯಲ್ಲ. ಮಗನ ಸ್ಕೂಟರಿಗೆ ಹೊದಿಸುವ ಕವರು. ಎರಡು ಕೋಲು, ಒಂದು ಹಗ್ಗ, ಒಂದು ಕಂಬಳಿ, ಒಂದಿಷ್ಟು ಕಡಲೆಕಾಯಿ, ಸದ್ದು ಅಡಗಿಸಿದ ಫೋನು ಇಟ್ಟುಕೊಂಡು ಬುಧವಾರದಿಂದ ಅದರೊಳಗೆ ನಾನಿದ್ದೇನೆ. ನಿಮ್ಮನ್ನು ಕರೆತರಲು ನಾನೂ ನಿಮ್ಮ ತಂಗಿಯ ಮನೆಗೆ ಹೋಗುತ್ತೇನೆ ಎಂದು ಹೇಳಿ ಬಂದಿದ್ದೇನೆ. ನಿನ್ನೆ ಸಂಜೆ ನೀವು ಹಾಡು ಗುನುಗಿಕೊಂಡು ಬಂದು ನನ್ನ ಪಕ್ಕದಲ್ಲೇ ನಿಂತು ಮೂತ್ರ ಮಾಡಿ ಹೋದಿರಿ. ಅದರ ವಿಚಾರಣೆ ಆಮೇಲೆ.

ಎಳೆದುಕೊಂಡು ಹೋಗಲೆಂದೇ ಬಂದವಳು. ಆದರೆ ಇಲ್ಲಿ ಮಲಗಿದ್ದಾಗ, ನಾನೆಲ್ಲಿದ್ದೇನೆ ಎಂದು ಈ ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿಲ್ಲ ಎಂದು ಹೊಳೆದು, ಮುದುಕಿಗೆ ನಗು ಬಂತು. ಕವರಿನೊಳಗೆ ಬಾಯಿ ಮುಚ್ಚಿಕೊಂಡು ನಕ್ಕೆ. ಮನೆಗೆ ಬನ್ನಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಹಾಗೇ ಇರಲಿ. ನೀವು ಅದರಂತೆ ನಡೆಯಬೇಡಿ. ಬೆಳಿಗ್ಗೆ ಮಗನಿಗೆ ನಾನೇ ಫೋನು ಮಾಡಿ ನಿಜ ಹೇಳುತ್ತೇನೆ. ಇಬ್ಬರೂ ಜೊತೆಗಿದ್ದೇವೆ, ತಲೆ ನೆಟ್ಟಗಿದೆ, ನದಿ ನೋಡಿಕೊಂಡು ಬರುತ್ತೇವೆ, ದಿನಾ ಸಂಜೆ ಫೋನು ಮಾಡುತ್ತೇವೆ ಎನ್ನುತ್ತೇನೆ. ಒಬ್ಬರೇ ಹೋದರೆ ತಪ್ಪಿಸಿಕೊಂಡರು ಎನ್ನುತ್ತಾರೆ, ಇಬ್ಬರು ಹೋದರೆ ಪ್ರವಾಸ ಎನ್ನುತ್ತಾರೆ. ಕೂಗಾಡುತ್ತಾನೆ, ಕೂಗಾಡಲಿ.

ಈ ಕಾಗದವನ್ನು ಕಲ್ಲಿಗೆ ಸುತ್ತಿ ನಿಮ್ಮ ಕುರ್ಚಿಯ ಬಳಿ ಎಸೆಯುತ್ತೇನೆ. ಓದಿದ ಮೇಲೆ ಈ ಕಡೆ ತಿರುಗಬೇಡಿ, ಪಂಪ್ ಹೌಸಿನವನು ನೋಡುತ್ತಿದ್ದಾನೆ. ಅವನು ಮನೆಗೆ ಹೋಗಲಿ, ನಾನೇ ಬರುತ್ತೇನೆ. ಸ್ವಲ್ಪ ಸರಿದು ಜಾಗ ಮಾಡಿ.